ಗೃಹವೈದ್ಯ: ಯಕೃತ್ತಿನ ರಕ್ತಪರೀಕ್ಷೆ

ಮೈಸೂರಿನ ಸೋದರಿಯೊಬ್ಬರು ನಮಗೆ ಹೀಗೆ ಬರೆದಿರುವರು: ಯಜಮಾನರ ರಕ್ತವನ್ನು ಪರೀಕ್ಷಿಸಲಾಗಿ ಎಸ್.ಜಿ.ಪಿ.ಟಿ. 78, ಎಸ್.ಜಿ.ಓ.ಟಿ. 49 ಎಂದು ಬಂದಿತಂತೆ. ಅದನ್ನು ಕೇಳಿದೊಡನೆ ಅತ್ತೆಯವರು, “ಇವನು ಗುಟ್ಟಾಗಿ ಕುಡಿಯುತ್ತಿರಬೇಕು” ಎಂದರಂತೆ. ಮದ್ಯವನ್ನು ಎಂದೂ ಮುಟ್ಟದ ಆ ಗೃಹಸ್ಥರು ಮನನೊಂದು ತಾಯಿಯೊಡನೆ ಮಾತನ್ನೇ ಬಿಟ್ಟಿರುವರು. ಒಂದು ಚೂರು ಕಾಗದದಿಂದ ಮನೆಯ ನೆಮ್ಮದಿ ಕೆಟ್ಟಿತು. ಆದುದರಿಂದ ಈ ತಿಂಗಳು ಆ ಕಾಗದವನ್ನು ಓದುವ ಬಗೆಯನ್ನು ತಿಳಿಸುವೆವು.

ಈ ಎರಡೂ ಯಕೃತ್ತಿನ ಕಣಗಳೊಳಗಿರುವ ಕಿಣ್ವಗಳು. ಈಗ ಇವನ್ನು ಎ.ಎಲ್.ಟಿ., ಎ.ಎಸ್.ಟಿ. ಎಂದೂ ಬರೆಯುವರು. ಕಣಗಳು ನೊಂದಾಗ ಇವು ರಕ್ತಕ್ಕೆ ಒಸರುವುವು. ಕೊಡದಿಂದ ಒಸರುವ ನೀರು ಬಿರುಕುಂಟೆಂದು ಹೇಳೀತೇ ಹೊರತು, ಬಿರುಕಿಗೆ ಕಾರಣವೇನೆಂದು ಹೇಳಲಾರದು.

ಇವೆರಡೂ ಸಾಮಾನ್ಯವಾಗಿ ಲೀಟರಿಗೆ ಸುಮಾರು 40 ಯೂನಿಟ್ಟುಗಳೊಳಗಿರುವುವು. ಪ್ರಯೋಗಶಾಲೆಯಿಂದ ಪ್ರಯೋಗಶಾಲೆಗೆ ಮಿತಿ ಬೇರೆಯಾಗುವುದರಿಂದ ಆಯಾ ಕಾಗದದಲ್ಲಿ ಮುದ್ರಿಸಿರುವ ಮಿತಿಯನ್ನೇ ನೋಡತಕ್ಕದ್ದು. ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ನೂರಕ್ಕೆ 95 ಮಂದಿ ಒಳಗಾಗುವಂತೆ ಈ ಮಿತಿಯನ್ನು ಗೊತ್ತುಮಾಡುವರು. ಉಳಿದ ಐವರು ಆರೋಗ್ಯವಂತರಾಗಿಯೇ ಮಿತಿಯ ಹೊರಗಿರುವರು. ಎಸ್.ಜಿ.ಓ.ಟಿ. ಹೃದಯದಲ್ಲಿಯೂ ಮಾಂಸಖಂಡಗಳಲ್ಲಿಯೂ ಉಂಟು. 1954ರಲ್ಲಿ ಅದನ್ನು ಹೃದಯಾಘಾತದ ಗುರುತೆಂದೇ ವೈದ್ಯರು ಪ್ರಕಟಿಸಿದ್ದರು. ಕಠಿನ ವ್ಯಾಯಾಮದಿಂದಲೂ ಅದು ಏರಬಹುದು. ಆಲ್ಕಲೈನ್ ಫಾಸ್ಫಟೇಸ್ ಎಂಬ ಇನ್ನೊಂದು ಕಿಣ್ವವು ಬೆಳೆಯುವ ಮಕ್ಕಳಲ್ಲಿಯೂ ತುಂಬು ಗರ್ಭಿಣಿಯರಲ್ಲಿಯೂ ಸಹಜವಾಗಿಯೇ ಹೆಚ್ಚಿರುವುದು.

ಕಿಣ್ವದ ಅಂಕಿ ನೋವನ್ನು ತೋರಿಸುವುದೇ ಹೊರತು ಯಕೃತ್ತಿನ ಶಕ್ತಿಯನ್ನು ಅಳೆಯದು. ಅದು ಗಡುಸಾಗಿ ಕುಗ್ಗಿದವರಲ್ಲಿಯೂ ಈ ಅಂಕಿಗಳು ಸರಿಯಾಗಿ ಕಾಣಬಹುದು. ಶಕ್ತಿಯನ್ನು ತಿಳಿಯಲು ಆಲ್ಬ್ಯುಮಿನ್, ಬಿಲಿರುಬಿನ್, ರಕ್ತ ಹೆಪ್ಪುಗಟ್ಟುವ ಕಾಲ ಇವನ್ನು ಕೂಡಿಸಿ ನೋಡಬೇಕು. ಬಿಲಿರುಬಿನ್ ಸುಮಾರು 1.2 ಮಿಲಿಗ್ರಾಮಿನೊಳಗೂ, ಆಲ್ಬ್ಯುಮಿನ್ ಸುಮಾರು 3.5ರಿಂದ 5 ಗ್ರಾಮಿನವರೆಗೂ ಇರುವುದು ವಾಡಿಕೆ.

ಇನ್ನು ಸೋದರಿಯ ಪ್ರಶ್ನೆಗೆ ಉತ್ತರ. 78 ಎಂಬುದು ಕುಡಿತಕ್ಕೆ ಸಾಕ್ಷಿಯಲ್ಲ. ಮದ್ಯದಿಂದ ಕೆಟ್ಟ ಯಕೃತ್ತಿನಲ್ಲಿ ಸಾಮಾನ್ಯವಾಗಿ ಎಸ್.ಜಿ.ಓ.ಟಿ.ಯೇ ಮೇಲಾಗಿರುವುದು, ಇಲ್ಲಿ ಅದು ಕೆಳಗಿದೆ. ಕುಡಿಯದವರಲ್ಲಿಯೂ ಬೊಜ್ಜು, ಸಿಹಿಮೂತ್ರ ಇವುಗಳ ಜೊತೆಗೆ ಯಕೃತ್ತಿನಲ್ಲಿ ಕೊಬ್ಬು ಸೇರುವುದು ಈಗ ಬಹು ಸಾಮಾನ್ಯ. ವೈದ್ಯರು ಕಾಮಾಲೆಯ ಬಿ ಮತ್ತು ಸಿ ವೈರಸ್ಸುಗಳನ್ನೂ, ಸೇವಿಸುವ ಔಷಧಗಳನ್ನೂ ವಿಚಾರಿಸಿ, ಕೆಲವು ವಾರಗಳ ಬಳಿಕ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸುವರು. ಕೊಬ್ಬೇ ಕಾರಣವಾದರೆ, ದೇಹದ ತೂಕವನ್ನು ನೂರಕ್ಕೆ ಏಳರಿಂದ ಹತ್ತು ಪಾಲು ಇಳಿಸುವುದೇ ಮುಖ್ಯ ಮದ್ದು. ಅನ್ನ ಸಿಹಿಗಳನ್ನು ತಗ್ಗಿಸಿ, ಬೆಳಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬಿರುಸಾಗಿ ನಡೆಯಲಿ.

ಮನೆಮದ್ದಿಗೆ ಆತುರಪಡಬಾರದು. ಅಮೃತಬಳ್ಳಿಯನ್ನು ಸೇವಿಸಿದ ಕೆಲವರ ಯಕೃತ್ತು ಕೆಟ್ಟುದನ್ನು 2021ರಲ್ಲಿ ಮುಂಬಯಿಯ ವೈದ್ಯರು ವರದಿಮಾಡಿದರು. ಕ್ಷಯದ ಮಾತ್ರೆಗಳಿಂದಲೂ ಯಕೃತ್ತು ನೋಯುವುದುಂಟು. ಅವನ್ನು ತಾವಾಗಿ ನಿಲ್ಲಿಸದೆ ಒಡನೆಯೇ ವೈದ್ಯರಿಗೆ ತಿಳಿಸಬೇಕು. ಕಣ್ಣು ಹಳದಿಯಾದರೆ, ರಕ್ತ ವಾಂತಿಯಾದರೆ, ಮಂಪರು ಕವಿದರೆ ಅಂಕಿಗಳನ್ನು ಎಣಿಸುತ್ತ ಕೂಡದೆ ಆ ಕ್ಷಣವೇ ಕೃಷ್ಣರಾಜೇಂದ್ರ ಆಸ್ಪತ್ರೆಗೋ ಹತ್ತಿರದ ಬೇರೊಂದಕ್ಕೋ ಕರೆದೊಯ್ಯತಕ್ಕದ್ದು.

ಅತ್ತೆಯವರಲ್ಲಿ ನಮ್ಮದೊಂದು ಅರಿಕೆ: ಈ ಬರಹವನ್ನು ಸೊಸೆಯಿಂದ ಓದಿಸಿ ಕೇಳಿರಿ, ಇಂದು ಮಗನಿಗೆ ತಾವೇ ಬಡಿಸಿರಿ. ತುಪ್ಪ ಮಾತ್ರ ಸ್ವಲ್ಪ ಕಡಮೆಯಿರಲಿ.