ಲಂಡನ್ನಿಗೆ ಕೊಟ್ಟ ದುಡ್ಡು

ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ ಇದ್ದೀನಿ ಅಂದ ಕೂಡಲೇ ಊರಿನವರು ಮರುಗುತ್ತಾರೆ: "ಪಾಪ, ವ್ಯಾಪಾರ ಬಿಟ್ಟರೆ ಅಲ್ಲೇನಿದೆ, ಸಂಗೀತ ಎಲ್ಲಿಂದ ಬರಬೇಕು?"

ಸ್ವಾಮಿ, ಇಲ್ಲಿಂದ ಎರಡು ಗಂಟೆ ದೂರದ ವಡೋದರಾದಲ್ಲಿ 1886ರಲ್ಲೇ ಸಯಾಜಿರಾವ್ ಗಾಯಕವಾಡರು ಸಂಗೀತಶಾಲೆ ತೆರೆದರು. ಅದನ್ನು ಕಟ್ಟಿದ ಮೌಲಾ ಬಕ್ಷ್ ಕರ್ನಾಟಕ ಸಂಗೀತ ಕಲಿತದ್ದು ನಮ್ಮ ಮೈಸೂರಿನಲ್ಲಿ! ಅವರ ಮಗನನ್ನು ಪಾಶ್ಚಾತ್ಯ ಸಂಗೀತ ಕಲಿಯಲು ಅದೇ ರಾಜರು ಲಂಡನ್ನಿಗೆ ಕಳಿಸಿದರು. ಶಾಲೆ ಈಗ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದೊಳಗಿದೆ. ಗಾಯನ, ತಬಲಾ, ನೃತ್ಯ, ನಾಟಕಕ್ಕೆಲ್ಲ ಪದವಿ ಉಂಟು.

ನಮ್ಮ ಲೆಕ್ಕ ನೋಡಿ. ಬರೋಡಾದವರು ಲಂಡನ್ನಿಗೆ ವಿದ್ಯಾರ್ಥಿಯನ್ನು ಕಳಿಸಿದರೆ ನಾವು ಹಣ ಕಳಿಸಿದೆವು. ಜಯಚಾಮರಾಜ ಒಡೆಯರು ಅಲ್ಲಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೆ ಬೆನ್ನೆಲುಬಾಗಿ ನಿಂತರು. 1950ರ ಮೇ 22ರಂದು ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು ಮೊದಲ ಬಾರಿ ಕೇಳಿಬಂದದ್ದು ಅವರ ಹಣದ ಖಾತರಿಯ ಮೇಲೆ. ದೊಡ್ಡ ಮಾತೇ. ಮೈಸೂರಲ್ಲೂ ವೃಂದ ಇತ್ತಲ್ಲ ಅನ್ನುತ್ತೀರಿ. ಇತ್ತು, ಆದರೆ ಅದು ಅರಮನೆಯದು, ಕಾಲೇಜಿನದಲ್ಲ.

ಐವತ್ತು ವಿದ್ಯಾರ್ಥಿಗಳು ಪಿಟೀಲು, ಚೆಲ್ಲೊ, ಕಹಳೆ ಹಿಡಿದು ಒಂದು ಸಿಂಫನಿ ನುಡಿಸುವ ವೃಂದ ನಿಮ್ಮ ಮಕ್ಕಳ ವಿಶ್ವವಿದ್ಯಾಲಯದಲ್ಲಿದೆಯೇ? ಸೀಟು ಕೊಡಿಸುವಾಗ ಹಾಸ್ಟೆಲ್ ಊಟ, ಕ್ಯಾಂಪಸ್ ಇಂಟರ್‌ವ್ಯೂ ಎಲ್ಲ ವಿಚಾರಿಸಿದಿರಲ್ಲ, ಇದನ್ನು ಕೇಳಿದಿರಾ? ಪಕ್ಕದವನ ನಾದ ಕೇಳಿಸಿಕೊಳ್ಳದೆ ಅಲ್ಲಿ ಒಂದು ಸಾಲೂ ನುಡಿಸಲಾಗದು. ಇದು ಯಾವ ಎಂಬಿಎ ತರಗತಿಯಲ್ಲಿ ಸಿಗುತ್ತೆ, ಹೇಳಿ. "ಅದು ಪರದೇಶದ್ದು" ಅನ್ನಬೇಡಿ. ಪಿಟೀಲೂ ಪರದೇಶದ್ದೇ, ನಮ್ಮ ಚೌಡಯ್ಯನವರು ಅದಕ್ಕೆ ಏಳು ತಂತಿ ಕಟ್ಟಲಿಲ್ಲವೇ?

ಮುಂದಿನ ಪೋಷಕರ ಸಭೆಯಲ್ಲಿ ಈ ವಿಷಯ ಎತ್ತಿ. ನನ್ನ ಬಗ್ಗೆ ಮರುಗೋದು ಆಮೇಲೆ.