ಗೋದಾವರಿಯ ಆರೋಗ್ಯ: ಮೀನುಗಳನ್ನೂ ಕೇಳೋಣ

ಊರಿನಿಂದ ನೆಂಟರು ಬಂದರೆ ನಾಸಿಕ್‌ನ ನಮ್ಮವರು ಅವರನ್ನು ರಾಮಕುಂಡಕ್ಕೆ, ಅಲ್ಲಿಂದ ತ್ರ್ಯಂಬಕೇಶ್ವರಕ್ಕೆ ಕರೆದೊಯ್ಯುತ್ತಾರೆ. ಛತ್ರಪತಿ ಸಂಭಾಜಿನಗರದವರಾದರೆ ಪೈಠಣಕ್ಕೆ. ಎರಡೂ ಕಡೆ ಇರುವುದು ಒಂದೇ ಗೋದಾವರಿ. ನಾಸಿಕ್ ದಾಟಿದ ನದಿ ನಾಂದೂರ್ ಮಧ್ಯಮೇಶ್ವರದ ಮೂಲಕ ಹರಿದು ಪೈಠಣದ ಜಾಯಕವಾಡಿ ಅಣೆಕಟ್ಟೆಯ ನಾಥಸಾಗರ ಸೇರುತ್ತದೆ. ಸಂಭಾಜಿನಗರ ಕುಡಿಯುವುದು ಆ ನೀರನ್ನೇ. ಆದುದರಿಂದ ನಾಸಿಕ್‌ನ ಚರಂಡಿಯ ಚಿಂತೆ ಸಂಭಾಜಿನಗರದ ಅಡುಗೆಮನೆಯ ಚಿಂತೆಯೂ ಹೌದು.

ಮಳೆ ಕೈಕೊಟ್ಟ ವರ್ಷಗಳಲ್ಲಿ ಮೇಲಿನ ಅಣೆಕಟ್ಟೆಗಳಿಂದ ಜಾಯಕವಾಡಿಗೆ ಎಷ್ಟು ನೀರು ಬಿಡಬೇಕೆಂದು ನಾಸಿಕ್ ಮತ್ತು ಮರಾಠವಾಡದ ನಡುವೆ ವಾದ ಏಳುತ್ತದೆ. ಅದು ನ್ಯಾಯಾಲಯದ ಮೆಟ್ಟಿಲನ್ನೂ ಏರಿದೆ. ಎಷ್ಟು ನೀರು ಎಂದು ಕೇಳುವಷ್ಟು ಜೋರಾಗಿ ಎಂಥ ನೀರು ಎಂದು ನಾವು ಕೇಳುವುದಿಲ್ಲ.

ನೀರನ್ನು ಬಾಟಲಿಯಲ್ಲಿ ತುಂಬಿ ಪ್ರಯೋಗಾಲಯಕ್ಕೆ ಕಳುಹಿಸುವ ಕ್ರಮ ಇದ್ದೇ ಇದೆ. ಆದರೆ ಬಾಟಲಿ ಹೇಳುವುದು ಆ ಒಂದು ಗಳಿಗೆಯ ಕಥೆ. ಸೋಮವಾರ ರಾತ್ರಿ ಯಾರೋ ಬಿಟ್ಟ ವಿಷ ಬುಧವಾರದ ಬಾಟಲಿಯಲ್ಲಿ ಸಿಗಲಾರದು. ಮೀನು ಹಾಗಲ್ಲ. ಅದು ಹಗಲು ರಾತ್ರಿ, ಬೇಸಿಗೆ ಮಳೆಗಾಲ ಆ ನೀರಿನಲ್ಲೇ ಬಾಳುತ್ತದೆ. ಇದನ್ನೇ ಆಧಾರವಾಗಿಟ್ಟುಕೊಂಡು ಅಮೆರಿಕದ ಜೇಮ್ಸ್ ಕಾರ್ ಎಂಬ ವಿಜ್ಞಾನಿ 1981ರಲ್ಲಿ ಮೀನುಗಳಿಂದ ನದಿಗೆ ಅಂಕ ಕೊಡುವ ಪದ್ಧತಿಯನ್ನು ಮುಂದಿಟ್ಟರು. ಎಷ್ಟು ಜಾತಿಯ ಮೀನುಗಳಿವೆ, ಮಲಿನ ನೀರನ್ನು ಸಹಿಸದ ಜಾತಿಗಳು ಉಳಿದಿವೆಯೇ, ಹೊರಗಿನವು ಎಷ್ಟು, ರೋಗ ಹಿಡಿದವು ಎಷ್ಟು ಎಂದು ಎಣಿಸಿ, ಹೆಚ್ಚು ಕೆಡದ ನದಿಯೊಂದರ ಲೆಕ್ಕದೊಡನೆ ಹೋಲಿಸುವುದೇ ಆ ಪದ್ಧತಿ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬಲೆ ತುಂಬಿದರೆ ನದಿ ಸರಿಯಿದೆ ಎಂದಲ್ಲ. ಕೊಳಚೆ ಸೇರಿದಾಗ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನು ಬಳಸಿಬಿಡುತ್ತವೆ. ಆಗ ಸೂಕ್ಷ್ಮ ಜಾತಿಗಳು ಅಳಿದು, ಮೇಲೆ ಬಂದು ಗಾಳಿ ನುಂಗಬಲ್ಲ ಮುಗುಡಿನಂಥವು ಮಾತ್ರ ಉಳಿಯುತ್ತವೆ. 1952ರಲ್ಲಿ ನಮ್ಮ ದೇಶಕ್ಕೆ ತಂದ ತಿಲಾಪಿಯಾ ಕೂಡ ಇಂಥ ಗಟ್ಟಿ ಮೀನು. ಕಾವೇರಿಯ ಉದಾಹರಣೆ ಇನ್ನೂ ಹತ್ತಿರದ್ದು. ನಮ್ಮ ಮಹಾರಾಷ್ಟ್ರದ ಲೋಣಾವಳದಲ್ಲಿ ಬೆಳೆಸಿದ ಮಹಶೀರ್ ಮರಿಗಳನ್ನು ಸದುದ್ದೇಶದಿಂದಲೇ ಅಲ್ಲಿ ಬಿಡಲಾಯಿತು. ಅವು ಬೆಳೆದವು, ಕಾವೇರಿಯದೇ ಆದ ಡುಬ್ಬದ ಮಹಶೀರ್ 2018ರಲ್ಲಿ ಅಳಿವಿನ ಅಂಚಿನ ಪಟ್ಟಿ ಸೇರಿತು. ಎಣಿಕೆಯಷ್ಟೇ ಜಾತಿಯೂ ಮುಖ್ಯ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ನಾಸಿಕ್‌ಗೂ ತನ್ನದೇ ಆದ ಒಂದು ಮೀನಿದೆ. 1938ರಲ್ಲಿ ಸುಂದರ್ ಲಾಲ್ ಹೋರಾ ಮತ್ತು ಮಿಶ್ರಾ ಎಂಬ ವಿಜ್ಞಾನಿಗಳು ದೇವಳಾಲಿಯಲ್ಲಿ ಸಿಕ್ಕ ಪುಟ್ಟ ಮೀನೊಂದನ್ನು ಹೊಸ ಜಾತಿಯೆಂದು ವಿವರಿಸಿದರು. ಅದಕ್ಕೆ ದೇವಳಾಲಿಯ ಹೆಸರೇ ನಿಂತಿದೆ. ಹರಿಯುವ ನೀರಿನ ಈ ಮೀನು ಇಂದು ತೀವ್ರ ಅಪಾಯದಲ್ಲಿರುವ ಜಾತಿಗಳ ಜಾಗತಿಕ ಪಟ್ಟಿಯಲ್ಲಿದೆ. ದೇವಳಾಲಿ ಎಂದರೆ ಸೇನಾ ಶಿಬಿರವನ್ನು, ತಂಪು ಹವೆಯನ್ನು ನೆನೆಯುವ ನಮ್ಮಲ್ಲಿ ಎಷ್ಟು ಮಂದಿಗೆ ಇದು ಗೊತ್ತು?

ಮೀನನ್ನು ಕಾಯುವುದು ನಮಗೆ ಹೊಸತೇನೂ ಅಲ್ಲ. ಶೃಂಗೇರಿಯಲ್ಲಿ, ಶಿಶಿಲದಲ್ಲಿ ದೇವರ ಮೀನುಗಳಿಗೆ ಮಂಡಕ್ಕಿ ಹಾಕಿ ಬೆಳೆದವರು ನಾವು. 1996ರಲ್ಲಿ ಶಿಶಿಲದ ಕಪಿಲಾ ನದಿಗೆ ಕಿಡಿಗೇಡಿಗಳು ವಿಷ ಹಾಕಿದಾಗ ಸಾವಿರಾರು ಮೀನುಗಳು ಸತ್ತವು; ಊರಿನವರು ಅವುಗಳಿಗೆ ಸ್ಮಾರಕ ಕಟ್ಟಿದರು. ಅಲ್ಲಿ ಕಂಬನಿ ಮಿಡಿದ ನಾವು, ಬೇಸಿಗೆಯಲ್ಲಿ ಇಲ್ಲಿನ ನದಿಯಲ್ಲಿ ಮೀನು ಸತ್ತು ತೇಲಿದರೆ ಮೂಗು ಮುಚ್ಚಿ ಸೇತುವೆ ದಾಟುವುದು ಸರಿಯೇ? ಅನ್ನ ಕೊಟ್ಟ ನೆಲದ ನದಿ ನಮ್ಮದಲ್ಲವೇ?

2026-27ರ ಸಿಂಹಸ್ಥ ಕುಂಭಮೇಳಕ್ಕೆ ಲಕ್ಷಾಂತರ ಜನ ಇದೇ ನೀರಿನಲ್ಲಿ ಮೀಯಲು ಬರುವವರು. ಮೇಳದ ಮೊದಲೂ ಅನಂತರವೂ ನಾಲ್ಕು ಕಡೆ ಮೀನಿನ ಗಣತಿ ನಡೆಯಬೇಕು: ಗಂಗಾಪುರ ಅಣೆಕಟ್ಟೆಯ ಮೇಲೆ, ನಾಸಿಕ್ ನಗರದ ಕೆಳಗೆ, ರಾಮ್ಸಾರ್ ತಾಣವಾದ ನಾಂದೂರ್ ಮಧ್ಯಮೇಶ್ವರದಲ್ಲಿ ಮತ್ತು ನಾಥಸಾಗರದಲ್ಲಿ. ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳು ಸ್ಥಳೀಯ ಮೀನುಗಾರರನ್ನು ಜೊತೆಗೂಡಿಸಿಕೊಂಡರೆ ಇದಕ್ಕೆ ಭಾರೀ ವೆಚ್ಚವೇನೂ ತಗಲದು. ರೋಗಾಣುಗಳ ಲೆಕ್ಕವನ್ನು ಮೀನು ಹೇಳಲಾರದು, ಅದಕ್ಕೆ ಪ್ರಯೋಗಾಲಯವೇ ಬೇಕು; ಎರಡೂ ಜೊತೆಯಾಗಿ ನಡೆಯಲಿ.

ನಮ್ಮ ಸಂಘಗಳು ಏನು ಮಾಡಬಹುದು? ಎರಡೂ ನಗರಗಳ ಕನ್ನಡಿಗರು ಸೇರಿ ಆಡಳಿತಕ್ಕೆ ಒಂದು ಮನವಿ ಕೊಡಬಹುದು. ವಾರ್ಷಿಕ ವಿಹಾರಕೂಟವನ್ನು ಒಮ್ಮೆ ನಾಂದೂರ್ ಮಧ್ಯಮೇಶ್ವರದಲ್ಲಿಟ್ಟು ಮಕ್ಕಳಿಗೆ ನದಿಯನ್ನು ತೋರಿಸಬಹುದು. ಎಲ್ಲಕ್ಕಿಂತ ಮೊದಲು, ಹೋಟೆಲು ಉದ್ಯಮದಲ್ಲಿರುವ ನಮ್ಮ ಬಂಧುಗಳು ತಮ್ಮ ಅಡುಗೆಮನೆಯ ಎಣ್ಣೆ ಜಿಡ್ಡು ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆ ನೋಡಿಕೊಳ್ಳಲಿ. ನಮ್ಮ ಮನೆಯಿಂದ ಆರಂಭವಾದ ಕೆಲಸಕ್ಕೆ ಮಾತ್ರ ಹೊರಗೆ ಬೆಲೆ. ಊರಿನ ಹೊಳೆಯಲ್ಲಿ ಮೀನಿಗೆ ಮಂಡಕ್ಕಿ ಹಾಕಿದ ಕೈ ಗೋದಾವರಿಗೆ ಜಿಡ್ಡು ಸುರಿಯದಿರಲಿ.