90 ಸೆಂಟಿಮೀಟರ್ ಬಾಗಿಲು

ತರಗತಿಯಲ್ಲಿ ಕಿರುಬೆರಳು ಎತ್ತಿದರೆ ಏನರ್ಥ ಎಂದು ಮಕ್ಕಳಿಗೆ ನಾನು ಹೇಳಿಕೊಡಬೇಕಿಲ್ಲ. ನಮ್ಮ ಕಾಲದಲ್ಲೂ ಅದೇ ಬೆರಳು, ಅದೇ ಅರ್ಥ. ಮೇಷ್ಟ್ರು ಎಷ್ಟೇ ಗದರುವವರಾಗಿದ್ದರೂ ಆ ಬೆರಳಿಗೆ ಮಾತ್ರ ಬೇಡ ಅನ್ನುತ್ತಿರಲಿಲ್ಲ. ಹಸಿವನ್ನು ಅರ್ಧ ಗಂಟೆ ತಡೆಯಬಹುದು, ಇದನ್ನು ತಡೆಯುವುದು ಕಷ್ಟ ಎಂದು ಅವರಿಗೂ ಗೊತ್ತಿತ್ತು. ಈ ವಾರ ಅದೇ ವಿಷಯ. ಹೋಟೆಲಿನ ಊಟದ ಜೊತೆಗೆ ಶೌಚಾಲಯದ ಮಾತೇಕೆ ಎಂದು ಅಜ್ಜ-ಅಜ್ಜಿಯರು ಮೂಗು ಮುರಿಯಬಾರದು. ಇದರಲ್ಲಿ ನಮ್ಮ ಪಾಲೂ ಇದೆ.

ನಮ್ಮ ಮಾರತ್ತಹಳ್ಳಿಯಲ್ಲಿ ಈಗ ಹೋಟೆಲುಗಳಿಗೆ ಬರವಿಲ್ಲ. ಹೊರವರ್ತುಲ ರಸ್ತೆಯ ಎರಡೂ ಬದಿ, ವರ್ತೂರು ರಸ್ತೆಯ ಉದ್ದಕ್ಕೂ, ಒಳಗಿನ ಅಡ್ಡರಸ್ತೆಗಳಲ್ಲೂ ಹೋಟೆಲುಗಳೇ. ಆಂಧ್ರ ಊಟ, ಕೇರಳ ಪರೋಟ, ನಿಂತು ತಿನ್ನುವ ದರ್ಶಿನಿ, ಮೇಲ್ಮಹಡಿಯಲ್ಲಿ ದೀಪ ತೂಗುಹಾಕಿದ ಪಬ್ಬು. ಮಕ್ಕಳ ಹುಟ್ಟುಹಬ್ಬ, ಐಟಿ ಕಂಪನಿಯವರ ಪಾರ್ಟಿ, ನಮ್ಮಂಥವರ ಹಳೇ ಗೆಳೆಯರ ಕೂಟ ಎಲ್ಲವೂ ಈಗ ಹೊರಗೇ ನಡೆಯುತ್ತವೆ.

ನನ್ನ ಜೊತೆ ಬ್ಯಾಂಕಿನಲ್ಲಿ ಕೆಲಸ ಮಾಡಿದ ಗೆಳೆಯರೊಬ್ಬರಿದ್ದಾರೆ. ಚಿಕ್ಕಂದಿನಲ್ಲೇ ಪೋಲಿಯೊ ಬಂದು ಕಾಲಿನ ಬಲ ಹೋಗಿತ್ತು. ಕೆಲಸದಲ್ಲಿದ್ದಾಗ ಕ್ಯಾಲಿಪರ್ ಕಟ್ಟಿಕೊಂಡು ಊರುಗೋಲಿನ ಮೇಲೆ ಓಡಾಡುತ್ತಿದ್ದರು, ಈಗ ಗಾಲಿಕುರ್ಚಿ. ನಾವು ಹಳಬರು ಆಗಾಗ ಊಟಕ್ಕೆ ಸೇರುತ್ತೇವೆ. ಅವರು ಬರುತ್ತಾರೆ, ಎಲ್ಲರಿಗಿಂತ ಹೆಚ್ಚು ನಗಿಸುತ್ತಾರೆ. ಆದರೆ ಮುಂದಿಟ್ಟ ನೀರಿನ ಲೋಟ ಮುಟ್ಟುವುದಿಲ್ಲ. ಸಾರು, ಮಜ್ಜಿಗೆ, ಕಾಫಿ ಯಾವುದೂ ಬೇಡ. ಒಮ್ಮೆ ನಾನು ಒತ್ತಾಯ ಮಾಡಿದ್ದಕ್ಕೆ, "ಮನೆಗೆ ಹೋಗಿ ಕುಡೀತೀನಿ ಬಿಡಿ ಸಾರ್. ಇಲ್ಲಿ ಕುಡಿದರೆ ಆಮೇಲೆ ಹೋಗೋದೆಲ್ಲಿಗೆ?" ಅಂದರು. ಸಂಜೆ ಏಳಕ್ಕೆ ಊಟವಿದ್ದರೆ ಅವರು ಮಧ್ಯಾಹ್ನದಿಂದಲೇ ನೀರು ನಿಲ್ಲಿಸುತ್ತಾರಂತೆ. ಎಪ್ಪತ್ತು ದಾಟಿದವರು ನೀರು ಬಿಟ್ಟರೆ ತಲೆಸುತ್ತು, ಮೂತ್ರದ ಸೋಂಕು ಸುಲಭವಾಗಿ ಬರುತ್ತವೆ. ಗೆಳೆಯರ ಜೊತೆ ಎರಡು ಗಂಟೆ ಕೂರುವುದಕ್ಕೆ ಅವರು ಕೊಡುವ ಬೆಲೆ ಇದು. ಬಿಲ್ಲಿನಲ್ಲಿ ಮಾತ್ರ ಕಾಣುವುದಿಲ್ಲ.

ತೊಂದರೆ ಎಲ್ಲಿದೆ? ಮಾಲೀಕರು ಕೆಟ್ಟವರೆಂದಲ್ಲ. ಕಟ್ಟಡಗಳನ್ನು ನೋಡಿ. ನಮ್ಮ ಕಡೆ ಎಷ್ಟೋ ಹೋಟೆಲುಗಳು ಮೊದಲು ಮನೆಯಾಗಿಯೋ ಕಚೇರಿಯಾಗಿಯೋ ಕಟ್ಟಿದ ಕಟ್ಟಡಗಳಲ್ಲಿವೆ. ಕೆಳಗೆ ವಾಹನ ನಿಲ್ಲಿಸುವ ಜಾಗ, ಮೇಲೆ ಹೋಟೆಲು. ಮೇಜು ಹಾಕಿದಷ್ಟೂ ವ್ಯಾಪಾರ, ಹಾಗಾಗಿ ಶೌಚಾಲಯಕ್ಕೆ ಸಿಗುವುದು ಉಳಿದ ಮೂಲೆ. ಒಮ್ಮೊಮ್ಮೆ ಮೆಟ್ಟಿಲ ಕೆಳಗೆ, ಒಮ್ಮೊಮ್ಮೆ ಅರ್ಧ ಮೆಟ್ಟಿಲು ಹತ್ತಿದ ಮೇಲೆ. ಆಮೇಲೆ ಪೈಪು ಹಾಯಿಸಲು ಅಲ್ಲಿನ ನೆಲವನ್ನು ಅರ್ಧ ಅಡಿ ಎತ್ತರಿಸುತ್ತಾರೆ. ನಮಗೆ ಅದೊಂದು ಮೆಟ್ಟಿಲು, ಗಾಲಿಕುರ್ಚಿಗೆ ಅದೊಂದು ಗೋಡೆ.

ಮಕ್ಕಳೇ, ಈಗ ಸ್ವಲ್ಪ ಲೆಕ್ಕ. ಬ್ಯಾಂಕಿನವನು ಲೆಕ್ಕ ಬಿಟ್ಟು ಹೇಗೆ ಬರೆಯಲಿ? ಸಾಧಾರಣ ಗಾಲಿಕುರ್ಚಿಯ ಅಗಲ 65 ಸೆಂಟಿಮೀಟರ್ ಆಸುಪಾಸು. ಶೌಚಾಲಯಕ್ಕೆ ಇಡುವ ಎರಡೂವರೆ ಅಡಿ ಬಾಗಿಲು ಎಂದರೆ ಸುಮಾರು 75 ಸೆಂಟಿಮೀಟರ್. ಚೌಕಟ್ಟಿನ ದಪ್ಪ, ತೆರೆದು ನಿಂತ ಬಾಗಿಲಿನ ದಪ್ಪ ಕಳೆಯಿರಿ. ಉಳಿದದ್ದರಲ್ಲಿ ಕುರ್ಚಿ ತೂರಿದರೂ ಚಕ್ರ ತಳ್ಳುವ ಕೈಬೆರಳು ಜಜ್ಜಿಹೋಗುತ್ತದೆ. ಅದಕ್ಕೇ ಕೇಂದ್ರ ಸರ್ಕಾರದ ಮಾರ್ಗಸೂಚಿ ತೆರಪು 90 ಸೆಂಟಿಮೀಟರ್ ಇರಬೇಕು ಅನ್ನುತ್ತದೆ. ಒಳಗೆ ಕುರ್ಚಿ ತಿರುಗಿಸಲು 150 ಸೆಂಟಿಮೀಟರ್ ವ್ಯಾಸದ ಖಾಲಿ ನೆಲ ಬೇಕು. ಕಮೋಡಿನ ಪಕ್ಕ ಹಿಡಿದು ಏಳಲು ಕಂಬಿ ಬೇಕು. ಬಾಗಿಲು ಹೊರಕ್ಕೆ ತೆರೆಯಬೇಕು ಅಥವಾ ಪಕ್ಕಕ್ಕೆ ಜಾರಬೇಕು. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ಹೊರಗಿನವರು ನೂಕುವುದು ಕಷ್ಟ. ಇಳಿಜಾರಿನ ಲೆಕ್ಕ 1ಕ್ಕೆ 12. ಅಂದರೆ ಅರ್ಧ ಅಡಿ ಎತ್ತರಕ್ಕೆ ಆರು ಅಡಿ ಉದ್ದದ ಇಳಿಜಾರು. ಅದಕ್ಕಿಂತ ಕಡಿದಾದರೆ ಅದು ಜಾರುಬಂಡೆ.

ಮನೆಯಲ್ಲೇ ಪರೀಕ್ಷೆ ಮಾಡಿ. 75 ಸೆಂಟಿಮೀಟರ್ ದಾರಕ್ಕೆ ಸೀಮೆಸುಣ್ಣ ಕಟ್ಟಿ, ಇನ್ನೊಂದು ತುದಿಯನ್ನು ನೆಲಕ್ಕೆ ಒತ್ತಿ ಹಿಡಿದು ಸುತ್ತ ಗೆರೆ ಎಳೆಯಿರಿ. ಗಾಲಿಕುರ್ಚಿ ತಿರುಗಲು ಬೇಕಾದ ಜಾಗ ಅಷ್ಟು. ಆಮೇಲೆ ಟೇಪು ಹಿಡಿದು ನಿಮ್ಮ ಮನೆಯ ಬಚ್ಚಲಿನ ಬಾಗಿಲು ಅಳೆಯಿರಿ. ನಮ್ಮ ಮನೆಯಲ್ಲಿ ಮೊಮ್ಮಗಳು ಅಳೆದು, "ತಾತಾ, ನಿಮಗೆ ಮಂಡಿ ಆಪರೇಷನ್ ಆದರೆ ವಾಕರ್ ಹೋಗೋಲ್ಲ ಇಲ್ಲಿ" ಅಂದಳು. ಅಳತೆಯಲ್ಲಿ ನಮ್ಮ ಪಾಲಿದೆ ಅಂದದ್ದು ಇದಕ್ಕೇ. ಇವತ್ತು ಮೆಟ್ಟಿಲು ಹತ್ತುವ ಕಾಲು ಹತ್ತು ವರ್ಷದ ಮೇಲೆ ಅದನ್ನು ನೋಡಿ ಹೆದರಬಹುದು.

ಇದೆಲ್ಲ ಮಾಲೀಕರ ಧಾರಾಳತನಕ್ಕೆ ಬಿಟ್ಟ ವಿಷಯವೇ? ಅಲ್ಲ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು, 2017ರ ಏಪ್ರಿಲ್ 19ರಿಂದ ಜಾರಿಯಾಯಿತು. ಅದರಲ್ಲಿ ಸಾರ್ವಜನಿಕ ಕಟ್ಟಡ ಅಂದರೆ ಸರ್ಕಾರಿ ಕಚೇರಿ ಮಾತ್ರವಲ್ಲ. ಜನ ವ್ಯವಹಾರಕ್ಕೆ, ಮನರಂಜನೆಗೆ ಬರುವ ಖಾಸಗಿ ಕಟ್ಟಡವೂ ಸೇರುತ್ತದೆ. ಹೋಟೆಲು, ಪಬ್ಬು ಎರಡೂ ಬಂದವು. ಹೊಸ ಕಟ್ಟಡದ ನಕ್ಷೆ ಈ ನಿಯಮಗಳಿಗೆ ಹೊಂದದಿದ್ದರೆ ಅನುಮತಿ ಕೊಡುವಂತಿಲ್ಲ. ಹಳೆಯ ಕಟ್ಟಡಗಳನ್ನು ಸರಿಪಡಿಸಲು ನಿಯಮ ಪ್ರಕಟವಾದ ದಿನದಿಂದ ಐದು ವರ್ಷ ಗಡುವು. ನಿಯಮ ಪ್ರಕಟವಾದದ್ದು 2017ರ ಜೂನ್. ಐದು ಕೂಡಿಸಿ, 2022ರ ಜೂನ್. ಸಾಲದ ಕಂತಾಗಿದ್ದರೆ ನಾವು ಯಾವತ್ತೋ ನೋಟಿಸು ಕಳಿಸಿರುತ್ತಿದ್ದೆವು. ಕಾಯ್ದೆ ಮುರಿದರೆ ಮೊದಲ ಸಲ 10,000 ರೂಪಾಯಿವರೆಗೆ ದಂಡ, ಮತ್ತೆ ಮುರಿದರೆ 50,000ದಿಂದ 5 ಲಕ್ಷ ರೂಪಾಯಿವರೆಗೆ.

2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟು ಇನ್ನೊಂದು ಮಾತು ಹೇಳಿತು. ಇಂಥ ಅಳತೆಗಳನ್ನು ಬರೀ ಸಲಹೆ ಎಂಬಂತೆ ಬರೆದರೆ ಸಾಲದು, ಪಾಲಿಸಲೇಬೇಕಾದ ನಿಯಮಗಳನ್ನು ಪ್ರತ್ಯೇಕವಾಗಿ ಮಾಡಿ ಎಂದು ಕೇಂದ್ರಕ್ಕೆ ಮೂರು ತಿಂಗಳ ಅವಧಿ ಕೊಟ್ಟಿತು. 2025ರ ಜನವರಿ 15ರಂದು ನ್ಯಾಯಾಲಯಗಳ ಆವರಣದ ಶೌಚಾಲಯಗಳ ವಿಚಾರದಲ್ಲಿ ತೀರ್ಪು ಕೊಡುತ್ತಾ, ಶೌಚಾಲಯ ಸಿಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು. ಮೇಷ್ಟ್ರು ಕಿರುಬೆರಳು ಕಂಡು ಒಪ್ಪುತ್ತಿದ್ದ ಮಾತನ್ನು ದೇಶದ ಅತಿ ದೊಡ್ಡ ನ್ಯಾಯಾಲಯ ಬರೆದು ಕೊಟ್ಟಿದೆ.

ಆದರೂ ನಮ್ಮಲ್ಲಿ ಒಂದು ಗಾದೆ ಇದೆಯಲ್ಲ, ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂದು. ಒಂದು ದೊಡ್ಡ ಹೋಟೆಲಿಗೆ ಹೋಗಿದ್ದಾಗ ಗಾಲಿಕುರ್ಚಿಯ ಚಿತ್ರವಿದ್ದ ಬಾಗಿಲು ಕಂಡು ನಮಗೆಲ್ಲ ಖುಷಿಯಾಯಿತು. ಬೀಗ ಹಾಕಿತ್ತು. ಕೀಲಿ ಒಬ್ಬರ ಬಳಿ, ಅವರು ಊಟಕ್ಕೆ ಹೋಗಿದ್ದಾರೆ. ಕೊನೆಗೆ ತೆರೆದಾಗ ಒಳಗೆ ನೆಲ ಒರೆಸುವ ಕೋಲು, ಬಕೆಟ್ಟು, ಖಾಲಿ ಡಬ್ಬಗಳ ರಾಶಿ. ಅಳತೆ ಎಲ್ಲವೂ ಸರಿಯಿತ್ತು, ಜಾಗ ಮಾತ್ರ ಉಗ್ರಾಣವಾಗಿತ್ತು. ಗೆಳೆಯರು ಏನೂ ಹೇಳದೆ ಕುರ್ಚಿ ಹಿಂದಕ್ಕೆ ತಿರುಗಿಸಿದರು. ಆ ಚಿತ್ರವನ್ನು 1968ರಲ್ಲಿ ಡೆನ್ಮಾರ್ಕಿನ ವಿದ್ಯಾರ್ಥಿನಿ ಸುಸಾನ್ ಕೊಫೋಡ್ ಬರೆದದ್ದು. ತಲೆಯ ದುಂಡು ಆಮೇಲೆ ಸೇರಿತು. ಇವತ್ತು ಪ್ರಪಂಚದಾದ್ಯಂತ ಅದಕ್ಕೆ ಒಂದೇ ಅರ್ಥ: ನೀವು ಒಳಗೆ ಬರಬಹುದು. ಚಿತ್ರ ಅಂಟಿಸಿ ಬೀಗ ಹಾಕಿದರೆ ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ಬರೆದಂತೆ.

ಬೇರೆಯವರು ಈ ಬಳಕೆಯಾಗದ, ಬೀಗ ಜಡಿದ ಬಾಗಿಲುಗಳಿಗೆ ಏನು ಮಾಡಿದರು? ಬ್ರಿಟನ್ನಿನಲ್ಲಿ 1981ರಲ್ಲಿ ಒಂದು ಏರ್ಪಾಡು ಶುರುವಾಯಿತು. ಅದಕ್ಕೆ ಸೇರಿದ ಶೌಚಾಲಯಗಳಿಗೆಲ್ಲ ಒಂದೇ ಬಗೆಯ ಬೀಗ. ಅದರ ಕೀಲಿ ಅಗತ್ಯವಿರುವವರ ಜೇಬಿನಲ್ಲೇ ಇರುತ್ತದೆ. ಈಗ ಅಲ್ಲಿ ಸಾವಿರಾರು ಬಾಗಿಲು ಆ ಒಂದೇ ಕೀಲಿಗೆ ತೆರೆಯುತ್ತವೆ. ಮ್ಯಾನೇಜರು ಊಟ ಮುಗಿಸುವವರೆಗೆ ಯಾರೂ ಕಾಯಬೇಕಿಲ್ಲ.

ನಾವೇನು ಮಾಡಬಹುದು? ಮೇಜು ಕಾಯ್ದಿರಿಸಲು ಫೋನು ಮಾಡುವಾಗ ನಾಲ್ಕು ಪ್ರಶ್ನೆ ಕೇಳಿ. ರಸ್ತೆಯಿಂದ ಮೇಜಿನವರೆಗೆ ಮೆಟ್ಟಿಲಿಲ್ಲದ ದಾರಿ ಅಥವಾ ಲಿಫ್ಟು ಇದೆಯೇ? ಮೇಜಿನಿಂದ ಶೌಚಾಲಯದವರೆಗೆ? ಅದರ ಬಾಗಿಲು ಎಷ್ಟು ಅಗಲ? ಅದು ತೆರೆದಿರುತ್ತದೆಯೇ? ನಿಮ್ಮ ಮನೆಯಲ್ಲಿ ಯಾರಿಗೂ ತೊಂದರೆಯಿಲ್ಲದಿದ್ದರೂ ಕೇಳಿ. ಜಗಳ ಬೇಡ, ದನಿ ಏರಿಸುವುದೂ ಬೇಡ. ಇಡೀ ಕಟ್ಟಡ ಒಡೆಯಲಾಗದ ಮಾಲೀಕರೂ ಡಬ್ಬ ಹೊರಗಿಡಬಹುದು, ಬೀಗ ತೆಗೆಯಬಹುದು, ಎರಡು ಕಂಬಿ ಹಾಕಿಸಬಹುದು. ಫೋನಿನಲ್ಲಿ ಸುಗಮ್ಯ ಭಾರತ್ ಎಂಬ ಸರ್ಕಾರಿ ಆ್ಯಪ್ ಇದೆ, ತೊಂದರೆಯಿರುವ ಜಾಗದ ಫೋಟೊ ಹಾಕಿ ದೂರು ಕೊಡಬಹುದು. ಅಜ್ಜ-ಅಜ್ಜಿಯರಿಗೆ ಅದು ಕಷ್ಟವಾದರೆ ಮೊಮ್ಮಕ್ಕಳು ಮಾಡಿಕೊಡಲಿ.

ಹೋಟೆಲಿನವರಿಗೂ ಒಂದು ಲೆಕ್ಕ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ವಿಕಲಚೇತನರು 13 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಯಾರೂ ಒಬ್ಬರೇ ಊಟಕ್ಕೆ ಬರಬೇಕೆಂದಿಲ್ಲ. ಎಂಟು ಜನರ ಬಳಗದಲ್ಲಿ ಒಬ್ಬರಿಗೆ ಶೌಚಾಲಯವಿಲ್ಲದಿದ್ದರೆ ಎಂಟೂ ಎಲೆ ಬೇರೆ ಕಡೆಗೆ ಹೋಗುತ್ತವೆ. ನಮ್ಮ ಹಳಬರ ಕೂಟ ಈಗ ಹಾಗೇ ತೀರ್ಮಾನಿಸಿದೆ. ಮೆನು ಆಮೇಲೆ, ಬಾಗಿಲು ಮೊದಲು.

ನಿಮ್ಮ ಊರಿನಲ್ಲಿ ಇಂಥ ಒಳ್ಳೆಯ ಹೋಟೆಲು ಇದ್ದರೆ ಮಕ್ಕಳೇ, ಬಾಗಿಲಿನ ಅಳತೆ ಸಮೇತ ಒಂದು ಕಾರ್ಡು ಬರೆದು ತಿಳಿಸಿ. ಗೆಳೆಯರಿಗೆ ಓದಿ ಹೇಳುತ್ತೇನೆ. ಅವರು ಕಾಫಿ ಕುಡಿಯುವ ಮನುಷ್ಯ.